ಶಾಲೆಯ ಸುದ್ದಿ ಮನೆಗೆ ಮುಟ್ಟುವ ಬಗೆ

ಈ ಸ್ಮರಣಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿ, ತಮ್ಮ ಹೆಣ್ಣುಮಕ್ಕಳನ್ನು ಮೆಟ್ರಿಯ ಈ ನಮ್ಮ ಶಾಲೆಗೇ ಕಳುಹಿಸುತ್ತಿರುವರು. ಅವರು ಇಲ್ಲಿ ಓದುತ್ತಿದ್ದ ಕಾಲದಲ್ಲಿ ಶಾಲೆಯ ಸುದ್ದಿಯು ಮನೆಗೆ ಹೋಗುವ ದಾರಿಗಳು ಬಹಳವಾಗಿರಲಿಲ್ಲ. ಪರೀಕ್ಷೆಯ ಅಂಕಗಳನ್ನು ಬರೆದ ಪ್ರಗತಿಪತ್ರವು ಹುಡುಗಿಯ ಚೀಲದಲ್ಲಿಯೇ ಹೋಗಿ, ತಂದೆಯ ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತು ಹಿಂದಿರುಗುತ್ತಿತ್ತು. ಬೋರ್ಡಿಂಗಿನ ಹುಡುಗಿಗೆ ಜ್ವರ ಬಂದರೆ ಒಂದು ಕಾರ್ಡು. ಜ್ವರ ಏರಿದರೆ ತಂತಿ. ಅದಕ್ಕೂ ಅವಸರವಾದರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಚೀಟಿ. ಆ ತಂತಿಯ ವ್ಯವಸ್ಥೆಯು 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಲಾದರೋ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುವವರ ಮಗ್ಗುಲಲ್ಲಿಯೂ ಮೊಬೈಲು ಇರುವುದು.

ಹೀಗಿರುವಲ್ಲಿ ತಾಯ್ತಂದೆಗಳು ನಮ್ಮನ್ನು ಎರಡು ಬಗೆಯಾಗಿ ಕೇಳುವುದುಂಟು. ಕೆಲವರು, "ಒಂದು ಸಂದೇಶ ಹಾಕಿದರೆ ಸಾಲದೇ? ಕೂಲಿ ಬಿಡಿಸಿ ಸಭೆಗೆ ಕರೆಯುವುದೇಕೆ?" ಎನ್ನುವರು. ಬೇರೆ ಕೆಲವರು, "ನಮಗೆ ಏನೂ ಸುದ್ದಿ ಬರಲಿಲ್ಲವಲ್ಲ" ಎನ್ನುವರು. ಎರಡನೆಯ ಮಾತನ್ನು ಆಡುವವರಿಗೆ ನಾವು ನಮ್ಮ ಪುಸ್ತಕವನ್ನು ತೆರೆದು, ಇಂಥ ದಿನ ಇಂಥ ಗಂಟೆಗೆ ಕಳುಹಿಸಿದೆವೆಂದು ತೋರಿಸಬಹುದು; ಆದರೆ ಅದರಿಂದ ಅವರಿಗೆ ಸುದ್ದಿ ಮುಟ್ಟಿತೆಂದು ಹೇಳಲಾಗದು. ಕಳುಹಿಸುವುದು ಬೇರೆ, ಮುಟ್ಟುವುದು ಬೇರೆ. ಈ ನಡುವಣ ಅಂತರದಲ್ಲಿ ಏನೇನು ನಡೆಯುವುದೆಂಬುದನ್ನು ತಾಯ್ತಂದೆಗಳು ತಿಳಿದಿದ್ದರೆ ನಮ್ಮ ಕೆಲಸವೂ ಅವರ ಕೆಲಸವೂ ಹಗುರವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ಅಂತರವು ನಮ್ಮ ರಾಜ್ಯದ ಶಾಲೆಗಳಿಗೆಲ್ಲ ಕಣ್ಣಿಗೆ ಕಟ್ಟಿದ್ದು 2020ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ಜಾಡ್ಯದ ನಿಮಿತ್ತ ಶಾಲೆಗಳು ಮುಚ್ಚಿದವು. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಆರಂಭವಾದವು. ಆಗಸ್ಟಿನಲ್ಲಿ ಶಿಕ್ಷಣ ಇಲಾಖೆಯು 'ವಿದ್ಯಾಗಮ' ಎಂಬ ಯೋಜನೆಯನ್ನು ತಂದಿತು. ಅದರ ಏರ್ಪಾಡು ವಿಚಾರಮಾಡತಕ್ಕದ್ದು. ಮಕ್ಕಳನ್ನು ಜಾಣರು ಮಂದಮತಿಗಳು ಎಂದು ವಿಂಗಡಿಸದೆ, ಅಂತರ್ಜಾಲವುಳ್ಳ ಮೊಬೈಲು ಇರುವ ಮನೆಯವರು, ಬರಿಯ ಮಾತನಾಡುವ ಮೊಬೈಲು ಇರುವ ಮನೆಯವರು, ಯಾವುದೂ ಇಲ್ಲದ ಮನೆಯವರು ಎಂದು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಲಾಯಿತು. ಮೂರನೆಯ ಕೊಠಡಿಯವರಿಗಾಗಿ ಉಪಾಧ್ಯಾಯರು ಗುಡಿಯ ಪಡಸಾಲೆಗೋ ಮರದ ನೆರಳಿಗೋ ತಾವೇ ನಡೆದುಹೋಗಬೇಕಾಯಿತು. ಜಾಡ್ಯವು ಹರಡೀತೆಂಬ ಅಂಜಿಕೆಯಿಂದ ಅಕ್ಟೋಬರಿನಲ್ಲಿ ಆ ಯೋಜನೆಯನ್ನು ನಿಲ್ಲಿಸಿದರೂ, ಮೂರು ಕೊಠಡಿಗಳ ಆ ಲೆಕ್ಕವನ್ನು ನಾವು ಇಂದಿಗೂ ಕೈಬಿಟ್ಟಿಲ್ಲ. ಪ್ರತಿ ಜೂನಿನಲ್ಲಿ ಹೆಸರು ದಾಖಲಿಸುವಾಗ, ಯಾವ ಮನೆ ಯಾವ ಕೊಠಡಿಗೆ ಸೇರಿತೆಂದು ಗುರುತಿಸಿಕೊಳ್ಳುವೆವು. ಒಂದೇ ಮನೆಯು ಸುಗ್ಗಿಯಲ್ಲಿ ಮೊದಲನೆಯ ಕೊಠಡಿಯಲ್ಲಿದ್ದು, ಬೇಸಗೆಯಲ್ಲಿ ಹಣ ತುಂಬಿಸಲಾಗದೆ ಎರಡನೆಯದಕ್ಕೆ ಇಳಿಯುವುದೂ ಉಂಟು.

ಇನ್ನು ಸಂದೇಶವು ನಡೆಯುವ ಬಗೆಯನ್ನು ನೋಡೋಣ. ಎಲ್ಲ ಮೊಬೈಲುಗಳಿಗೂ, ಅತಿ ಅಗ್ಗದ ಗುಂಡಿಯ ಮೊಬೈಲಿಗೂ ಬರತಕ್ಕದ್ದು ಎಸ್ಸೆಮ್ಮೆಸ್ಸು. ಇಂಥ ಸಂದೇಶಗಳಲ್ಲಿ ಮೊತ್ತಮೊದಲನೆಯದನ್ನು 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಇಂಜಿನಿಯರು ಕಳುಹಿಸಿದನು. ಅದರಲ್ಲಿದ್ದುದು ಕ್ರಿಸ್ಮಸ್ ಹಬ್ಬದ ಶುಭಾಶಯ. ನಾವು ಕಳುಹಿಸಿದ ಸಂದೇಶವು ನೇರವಾಗಿ ನಿಮ್ಮ ಮೊಬೈಲಿಗೆ ಹಾರಿಬರುವುದಿಲ್ಲ. ಅದು ಮೊದಲು ಕಂಪೆನಿಯ ಒಂದು ಉಗ್ರಾಣವನ್ನು ಸೇರುವುದು. ನಿಮ್ಮ ಮೊಬೈಲು ಯಾವ ಗೋಪುರದ ಆಸರೆಯಲ್ಲಿದೆಯೆಂದು ಅಲ್ಲಿಂದ ಹುಡುಕಿ ಕಳುಹಿಸಲ್ಪಡುವುದು. ನಿಮ್ಮ ಮೊಬೈಲು ಆರಿದ್ದರೆ ಉಗ್ರಾಣದಲ್ಲಿ ಕೆಲವು ಕಾಲ ಕಾದಿದ್ದು, ಅವಧಿ ಮೀರಿದರೆ ಅಲ್ಲಿಯೇ ಅಳಿಸಿಹೋಗುವುದು. ಆದಕಾರಣ ಮೂರು ದಿನ ಮೊಬೈಲನ್ನು ಆರಿಸಿಟ್ಟವರಿಗೆ ನಮ್ಮ ಸುದ್ದಿಯು ಕಾಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕು ಉಂಟು. 1985ರ ಸುಮಾರಿಗೆ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಜರ್ಮನ್ ಇಂಜಿನಿಯರು ಜನರು ಸಾಮಾನ್ಯವಾಗಿ ಬರೆಯುವ ವಾಕ್ಯಗಳ ಅಕ್ಷರಗಳನ್ನು ಎಣಿಸಿ, ಒಂದು ಸಂದೇಶಕ್ಕೆ 160 ಅಕ್ಷರ ಸಾಕೆಂದು ನಿರ್ಣಯಿಸಿದನಂತೆ. ಆ 160 ರೋಮನ್ ಅಕ್ಷರಗಳಿಗೆ ಹಿಡಿಯುವ ಜಾಗದಲ್ಲಿ ಕನ್ನಡದ ಚಿಹ್ನೆಗಳು 70 ಮಾತ್ರ ಹಿಡಿಯುವವು. ಅಷ್ಟಕ್ಕೆ ಮುಗಿಯಲಿಲ್ಲ. 'ವಿದ್ಯಾರ್ಥಿನಿ' ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕೇ. ಯಂತ್ರವಾದರೋ ಗುಡಿಸು, ಇಳಿ, ಒತ್ತಕ್ಷರಗಳನ್ನೆಲ್ಲ ಬಿಡಿಸಿ ಎಣಿಸಿ 12 ಎನ್ನುವುದು. "ನಿಮ್ಮ ಮಗಳು ಇಂದು ಶಾಲೆಗೆ ಬಂದಿಲ್ಲ" ಎಂಬಿಷ್ಟಕ್ಕೇ 30 ಆಗುವುದು. ಉಳಿದ 40ರಲ್ಲಿ ಹುಡುಗಿಯ ಹೆಸರು, ತರಗತಿ, ಶಾಲೆಯ ಹೆಸರು, ಹತ್ತು ಅಂಕಿಗಳ ನಮ್ಮ ನಂಬರು ಇವೆಲ್ಲ ಅಡಗಬೇಕು. ಅಡಗದಿದ್ದರೆ ಸಂದೇಶವು ಎರಡು ತುಂಡಾಗಿ ಎರಡರ ದುಡ್ಡು ಬೀಳುವುದು. ದುಡ್ಡು ಉಳಿಸುವ ಆಸೆಯಿಂದ ಅನೇಕ ಕಡೆಗಳಲ್ಲಿ ಇಂಗ್ಲಿಷಿನಲ್ಲಿಯೋ, ಕನ್ನಡವನ್ನೇ ರೋಮನ್ ಲಿಪಿಯಲ್ಲಿಯೋ ಬರೆದು ಕಳುಹಿಸುವುದುಂಟು. ಓದಲಾರದವರಿಗೆ ಅಗ್ಗವಾಗಿ ಕಳುಹಿಸಿದ ಕಾಗದದಿಂದ ಯಾರಿಗೆ ಲಾಭವೋ ನಮಗೆ ತಿಳಿಯದು. ನಾವು ಕನ್ನಡದಲ್ಲಿಯೇ ಬರೆಯುತ್ತೇವೆ. ಅದಕ್ಕಾಗಿಯೇ ನಮ್ಮ ಸಂದೇಶಗಳು ಕೆಲವರಿಗೆ ಬಿರುಸಾಗಿ ತೋರುವುದುಂಟು. ವಂದನೆ ಉಪಚಾರಗಳಿಗೆ 70ರಲ್ಲಿ ಜಾಗವಿಲ್ಲ.

ಕನ್ನಡದ ಅಕ್ಷರಕ್ಕೂ ಯಂತ್ರಕ್ಕೂ ನಡೆದ ಈ ಜಗ್ಗಾಟವು ಹೊಸದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಪಾದ್ರಿಗಳು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಮರುವರ್ಷ ಅದು ಅಚ್ಚಿನ ಮೊಳೆಗಳಿದ್ದ ನಮ್ಮ ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಹೊರಟಿತು. ಗಣಕಯಂತ್ರಗಳಲ್ಲಿಯೂ ಬಹುಕಾಲ ಇದೇ ಪಾಡು. ಕಚೇರಿಯ ಯಂತ್ರದಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಮೊಬೈಲಿಗೆ ಕಳುಹಿಸಿದರೆ, ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು ಕಾಣಿಸುವುದು. ಎಲ್ಲ ಯಂತ್ರಗಳೂ ಒಂದೇ ಬಗೆಯಾಗಿ ಓದಬಲ್ಲ ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆಯಿಲ್ಲ. ನಮ್ಮ ಗುಮಾಸ್ತೆಯವರು ಈಗ ಎಲ್ಲವನ್ನೂ ಹಾಗೆಯೇ ಬರೆಯುವರು.

ಎರಡನೆಯ ದಾರಿ ವಾಟ್ಸಾಪು. ಇದಕ್ಕೆ 70ರ ಕಟ್ಟಿಲ್ಲ, ಚಿತ್ರವನ್ನೂ ಧ್ವನಿಯನ್ನೂ ಹೊರುವುದು. ಆದರೆ ಅಂತರ್ಜಾಲವಿಲ್ಲದೆ ಒಂದು ಹೆಜ್ಜೆಯೂ ಇಡಲಾರದು. ಇದರಲ್ಲಿ ತೋರುವ ಸರಿ ಗುರುತುಗಳ ಅರ್ಥವನ್ನು ತಾಯ್ತಂದೆಗಳು ತಿಳಿದಿರುವುದೊಳ್ಳೆಯದು. ಒಂದು ಗುರುತು ಇದ್ದರೆ ಸಂದೇಶವು ನಮ್ಮಿಂದ ಹೊರಟು ಕಂಪೆನಿಯ ಯಂತ್ರವನ್ನು ಸೇರಿತೆಂದರ್ಥ. ಎರಡಿದ್ದರೆ ನಿಮ್ಮ ಮೊಬೈಲನ್ನು ಸೇರಿತೆಂದು. ಎರಡೂ ನೀಲಿಯಾದರೆ ಯಾರೋ ತೆರೆದರೆಂದು. 'ಯಾರೋ' ಎಂಬ ಮಾತನ್ನು ಗಮನಿಸಬೇಕು. ತೆರೆದವರು ತಂದೆಯೋ, ಆಟವಾಡುತ್ತಿದ್ದ ತಮ್ಮನೋ ಎಂಬುದನ್ನು ಗುರುತು ಹೇಳುವುದಿಲ್ಲ.

ತರಗತಿಯ ಗುಂಪುಗಳ ವಿಷಯದಲ್ಲಿ ಒಂದೆರಡು ಮಾತು. ಬೆಳಗಿನ ಶುಭೋದಯದ ಹೂವುಗಳು, ಹಬ್ಬದ ಚಿತ್ರಗಳು, ಯಾರದೋ ಅಂಗಡಿಯ ಜಾಹೀರಾತು ಇವುಗಳ ಅಡಿಯಲ್ಲಿ ಪರೀಕ್ಷೆಯ ವೇಳಾಪಟ್ಟಿಯು ಹೂತುಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದಕ್ಕಿಂತ ನೋವಿನ ಸಂಗತಿಯೆಂದರೆ, ಎಲ್ಲರೂ ನೋಡುವ ಗುಂಪಿನಲ್ಲಿ ಯಾರ ಶುಲ್ಕ ಬಾಕಿ, ಯಾರಿಗೆ ಗಣಿತದಲ್ಲಿ ಎಷ್ಟು ಅಂಕ ಎಂದು ಪಟ್ಟಿ ಹಾಕುವ ರೂಢಿ. ಹಿಂದೆ ಪ್ರಗತಿಪತ್ರವು ಒಂದು ಮನೆಗೆ ಹೋಗುತ್ತಿತ್ತು; ಪಟ್ಟಿಯು ಐವತ್ತು ಮನೆಗಳಿಗೆ ಹೋಗುವುದು. ಆದಕಾರಣ ನಮ್ಮ ಗುಂಪುಗಳಲ್ಲಿ ಉಪಾಧ್ಯಾಯಿನಿಯರು ಮಾತ್ರ ಬರೆಯುವಂತೆ ಮಾಡಿರುವೆವು. ಒಬ್ಬ ಹುಡುಗಿಗೆ ಸಂಬಂಧಪಟ್ಟದ್ದನ್ನು ಆ ಹುಡುಗಿಯ ಮನೆಯವರಿಗೆ ಮಾತ್ರ ತಿಳಿಸುವೆವು. ಕೆಲವರು ಇದನ್ನು ಬಿಗುಮಾನವೆಂದರೂ ನಾವು ಬದಲಿಸಲಾರೆವು.

ಈಗ ಮುಖ್ಯ ವಿಷಯಕ್ಕೆ ಬರುವೆವು. ಮೊಬೈಲು ಯಾರದು?

ದಾಖಲೆಯ ಪುಸ್ತಕದಲ್ಲಿ 'ಪೋಷಕರ ನಂಬರು' ಎಂಬ ಕಡೆ ಸಾಮಾನ್ಯವಾಗಿ ತಂದೆಯ ನಂಬರು ಇರುವುದು. ತಂದೆಯು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿಯೋ, ಕಬ್ಬು ಕಡಿಯಲು ದೂರದ ಸೀಮೆಯಲ್ಲಿಯೋ ಇರುವನು. ಮನೆಯಲ್ಲಿ ಹುಡುಗಿಯನ್ನು ನೋಡಿಕೊಳ್ಳುವವಳು ತಾಯಿ ಯಾ ಅಜ್ಜಿ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲು ಇದ್ದವರು ನೂರಕ್ಕೆ 54 ಮಂದಿ. 2011ರ ಜನಗಣತಿಯಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 58 ಮಂದಿ. ಹೀಗಾಗಿ ತಾಯಿಯ ಕೈಗೆ ಮೊಬೈಲು ಬಂದರೂ ಸಂದೇಶವನ್ನು ಓದಿ ಹೇಳುವವರು ಯಾರು? ಶಾಲೆಗೆ ಹೋಗುವ ಮಗಳೇ. ಮಗಳ ವಿಷಯವಾಗಿ ತಾಯಿಗೆ ಬರೆದ ಮಾತನ್ನು ಮಗಳೇ ಓದಿ ಹೇಳುವಳು. ತನಗೆ ಬೇಡವಾದುದನ್ನು ಅವಳು ಬಿಟ್ಟು ಓದಿದರೆ ಅವಳನ್ನು ಬಹಳವಾಗಿ ದೂರಲಾಗದು. ಹಿಂದಿನವರೂ ಪ್ರಗತಿಪತ್ರವನ್ನು ಅಕ್ಕಿಯ ಡಬ್ಬದ ಹಿಂದೆ ಬಚ್ಚಿಟ್ಟದ್ದನ್ನು ಈ ಸಂಚಿಕೆಯ ವಾಚಕರಲ್ಲಿ ಕೆಲವರು ಮರೆತಿರಲಾರರು! ಆದರೆ ಇದರಲ್ಲಿ ನಗೆಯ ಮಾತಲ್ಲದ ಭಾಗವೂ ಉಂಟು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮೊದಲ ದಿನವೇ ತಂದೆಯ ನಂಬರಿಗೆ ಸಂದೇಶ ಹೋಯಿತು. ಎರಡು ಗುರುತು ಬಂದವು, ನೀಲಿಯೂ ಆದವು. 'ಆರಾಮಿಲ್ಲ' ಎಂಬ ಉತ್ತರವೂ ಬಂದಿತು. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ತರಗತಿಯ ಉಪಾಧ್ಯಾಯಿನಿಗೆ ಸಮಾಧಾನವಾಗಲಿಲ್ಲ. ಮೂರನೆಯ ದಿನ ಆಕೆಯು ಆ ಓಣಿಯ ಅಂಗನವಾಡಿಯ ಅಮ್ಮನವರಿಗೆ ಫೋನು ಮಾಡಿ, ಹುಡುಗಿಯ ತಾಯಿಯನ್ನು ಕರೆಯಿಸಿ ಮಾತನಾಡಿದಳು. ತಾಯಿಯು, "ಅವರಪ್ಪನ ಫೋನಿಗೆ ಏನು ಬಂದೈತೋ ನನಗೆ ಗೊತ್ತಿಲ್ಲ ಟೀಚರಮ್ಮ. ಸೋಮವಾರ ನಿಶ್ಚಯ ಅಂದಾರ. ನನಗೂ ಮನಸ್ಸಿಲ್ಲ, ಹೇಳಿದರೆ ಕೇಳೋರಿಲ್ಲ. ನೀವು ಬರ್ರಿ" ಎಂದಳು. ಹುಡುಗಿಗೆ ಆಗ ಹದಿನೈದು ತುಂಬಿರಲಿಲ್ಲ.

2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ನಮ್ಮ ರಾಜ್ಯವು 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆಯು ಮೊದಲಿನಿಂದಲೇ ಅಸಿಂಧು. ಕಾಯಿದೆಯು ಹಾಗಿದ್ದರೂ, ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಉಪಾಧ್ಯಾಯಿನಿಯರಿಬ್ಬರು ಆ ದಿನವೇ ಬಸ್ಸು ಹಿಡಿದು ಹೋದರು. ಮಹಿಳಾ ಮತ್ತು ಮಕ್ಕಳ ಇಲಾಖೆಯವರಿಗೂ ತಿಳಿಸಲಾಯಿತು. ತಂದೆಯೊಡನೆ ನಡೆದ ಮಾತುಕತೆಯು ಸುಲಭವಾಗಿರಲಿಲ್ಲ. ಅವನು ಕೆಟ್ಟವನೆಂದು ನಾವು ಹೇಳಲಾರೆವು, ಸಾಲದಲ್ಲಿದ್ದನು. ನಿಶ್ಚಯವು ನಿಂತಿತು. ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ ಮುಂದಕ್ಕೂ ಓದಿದಳು. ನೀಲಿ ಗುರುತನ್ನು ನಂಬಿ ಸುಮ್ಮನಿದ್ದಿದ್ದರೆ ನಮ್ಮ ದಾಖಲೆಯಲ್ಲಿ 'ಆರಾಮಿಲ್ಲ' ಎಂದೇ ಉಳಿಯುತ್ತಿತ್ತು.

ಅಂದಿನಿಂದ ನಮ್ಮಲ್ಲಿ ನಡೆದುಬಂದ ಕ್ರಮವನ್ನು ತಾಯ್ತಂದೆಗಳು ತಿಳಿದಿರಬೇಕು. ಹೆಸರು ದಾಖಲಿಸುವಾಗ ತಂದೆಯ ನಂಬರಿನೊಡನೆ, ತಾಯಿಗೆ ಮುಟ್ಟತಕ್ಕ ಒಂದು ನಂಬರನ್ನು ಬೇರೆಯಾಗಿ ಕೇಳುವೆವು. ಆಕೆಗೆ ಸ್ವಂತ ಮೊಬೈಲು ಇಲ್ಲದಿದ್ದರೆ ಆಕೆಯು ನಂಬುವ ನೆರೆಯವಳದಾದರೂ ಆಗಬಹುದು. ಮೊದಲ ದಿನದ ಗೈರುಹಾಜರಿಗೆ ಸಂದೇಶ. ಎರಡನೆಯ ದಿನ ತಾಯಿಯೊಡನೆ ಬಾಯಿಮಾತು. ಮೂರನೆಯ ದಿನ ಯಾರಾದರೂ ಮನೆಗೇ ಹೋಗಿಬರುವುದು. ಓದಲಾರದ ತಾಯಂದಿರಿಗೆ ಅಕ್ಷರದ ಬದಲು ಧ್ವನಿಯನ್ನು ಕಳುಹಿಸುವೆವು. ಸಂಡೂರಿನ ಕಡೆಯ ತಾಂಡಾಗಳಿಂದ ಬೋರ್ಡಿಂಗಿಗೆ ಬಂದ ಹುಡುಗಿಯರ ಮನೆಗಳಿಗೆ ಲಂಬಾಣಿಯಲ್ಲಿ ಮಾತನಾಡಿ ಕಳುಹಿಸುವ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ವಹಿಸಿಕೊಂಡಿರುವಳು. ತೆಲುಗು, ಉರ್ದು ಬಲ್ಲ ಉಪಾಧ್ಯಾಯಿನಿಯರು ನಮ್ಮಲ್ಲಿಯೇ ಇದ್ದಾರೆ. ಧ್ವನಿಯನ್ನು ಕೇಳಿದ ತಾಯಂದಿರು ಧ್ವನಿಯಲ್ಲಿಯೇ ಮಾರುತ್ತರ ಕೊಡುವರು. ಬರೆದು ಕಳುಹಿಸಿದ ಕಾಲದಲ್ಲಿ ಅವರಿಂದ ನಮಗೆ ಒಂದು ಉತ್ತರವೂ ಬರುತ್ತಿರಲಿಲ್ಲ. ಆ ಉತ್ತರಗಳ ಹಿಂದೆ ಕೋಳಿಯ ಕೂಗೂ ರುಬ್ಬುವ ಸದ್ದೂ ಕೇಳಿಬರುವವು.

ಅವಸರದ ಸುದ್ದಿಯಲ್ಲಿ ಮಾತ್ರ ಯಂತ್ರಕ್ಕೆ ಸಮಾನವಾದುದು ಬೇರೊಂದಿಲ್ಲವೆಂದು ಒಪ್ಪಬೇಕು. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿಯು ತುಂಡಾಗಿ, ಬಾಗಿಲು ನೀರುಪಾಲಾಯಿತು. ತಾತ್ಕಾಲಿಕ ಬಾಗಿಲನ್ನು ಇಳಿಸಲು ಸುಮಾರು ಒಂದು ವಾರ ಹಿಡಿಯಿತು. ಮರುದಿನ ಬೆಳಗಾಗುವುದರೊಳಗೆ ನದಿಯ ಕೆಳಗಣ ಊರುಗಳಲ್ಲಿ ಎಲ್ಲರ ಮೊಬೈಲಿನಲ್ಲಿಯೂ ಒಂದಲ್ಲ ಒಂದು ಸುದ್ದಿ. ಅಣೆಕಟ್ಟೇ ಒಡೆಯಿತೆಂದವರೂ ಉಂಟು. ಇಂಥ ಹೊತ್ತಿನಲ್ಲಿ ಕಂಪ್ಲಿಯ ನದೀತೀರದ ತಾಯ್ತಂದೆಗಳಿಗೆ ಬೇಕಾದುದು, 'ನಿಮ್ಮ ಮಕ್ಕಳು ಬೋರ್ಡಿಂಗಿನಲ್ಲಿ ಕ್ಷೇಮವಾಗಿದ್ದಾರೆ' ಎಂಬ ಒಂದೇ ಸಾಲು. ಅದು ಭಾನುವಾರ ಬೆಳಿಗ್ಗೆಯೇ ಅವರಿಗೆ ಮುಟ್ಟಿತು. ಕಾರ್ಡಿನ ಕಾಲದಲ್ಲಿ ಅದು ಬುಧವಾರ ಮುಟ್ಟುತ್ತಿತ್ತು.

ಮಳೆಯ ರಜೆಯ ವಿಷಯದಲ್ಲಿಯೂ ಒಂದು ಮಾತು ಸೇರಿಸುವೆವು. ಹಿಂದೆ ಮೆಟ್ರಿಯೂ ಹೊಸಪೇಟೆ ತಾಲೂಕಿಗೇ ಸೇರಿತ್ತು. ಈಗ ನಾವು ಕಂಪ್ಲಿ ತಾಲೂಕಿನವರು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ, ಹಂಪೆಗಳು ಆ ಜಿಲ್ಲೆಗೂ, ಕಂಪ್ಲಿ, ಸಂಡೂರುಗಳು ಬಳ್ಳಾರಿಗೂ ಸೇರಿವೆ. ರಜೆಯನ್ನು ಸಾರುವವರು ಆಯಾ ಜಿಲ್ಲೆಯ ಜಿಲ್ಲಾಧಿಕಾರಿಗಳು. ಹೊಸಪೇಟೆಯ ಗುಂಪುಗಳಲ್ಲಿ ತಿರುಗುವ ರಜೆಯ ಆಜ್ಞೆಯು ಸತ್ಯವಾದರೂ ನಮಗೆ ಅನ್ವಯಿಸುವುದಿಲ್ಲ. ಆಜ್ಞೆಯ ಮೇಲಿನ ದಿನಾಂಕವನ್ನೂ ನೋಡಬೇಕು. ಹೋದ ವರ್ಷದ ರಜೆಯು ಈ ವರ್ಷ ಮತ್ತೆ ಹೊರಟುಬರುವುದುಂಟು.

ಮೋಸಗಾರರ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ವಿದ್ಯಾರ್ಥಿವೇತನ ಮಂಜೂರಾಗಿದೆ, ಓಟಿಪಿ ಹೇಳಿರೆಂದು ಶಾಲೆಯ ಹೆಸರಿನಲ್ಲಿ ಫೋನು ಬಂದರೆ ಅದು ನಮ್ಮದಲ್ಲ. ನಾವು ಯಾವ ಕಾಲದಲ್ಲಿಯೂ ಓಟಿಪಿಯನ್ನು ಕೇಳುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಮಕ್ಕಳಿಗೆ ಅಪಾಯವೆಂದು ತೋರಿದರೆ 1098. ಸಂಸ್ಥೆಗಳು ಕಳುಹಿಸುವ ಎಸ್ಸೆಮ್ಮೆಸ್ಸುಗಳ ವಿಷಯದಲ್ಲಿ, ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮುಂಚಿತವಾಗಿ ನೋಂದಾಯಿಸಬೇಕೆಂಬ ನಿಯಮವು 2018ರಲ್ಲಿ ಆಗಿ, 2021ರಿಂದ ಬಿಗಿಯಾಗಿ ನಡೆಯುತ್ತಿದೆ. ಆದುದರಿಂದ ಬರಿಯ ಹತ್ತು ಅಂಕಿಯ ನಂಬರಿನಿಂದ ಹಣದ ಮಾತು ಬಂದರೆ ಸಂಶಯಪಡತಕ್ಕದ್ದು. 2023ರಲ್ಲಿ ಆದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ತಾಯ್ತಂದೆಗಳ ಒಪ್ಪಿಗೆ ಬೇಕೆನ್ನುವುದು. ವಿದ್ಯಾಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿವೆ. ವಿನಾಯಿತಿ ಇದ್ದರೂ, ಹುಡುಗಿಯರ ಚಿತ್ರಗಳನ್ನು ಒಪ್ಪಿಗೆಯಿಲ್ಲದೆ ಗುಂಪಿಗೆ ಹಾಕುವುದನ್ನು ನಾವು ಬಿಟ್ಟಿರುವೆವು. ವಾರ್ಷಿಕೋತ್ಸವದ ಚಿತ್ರಗಳು ಬರಲಿಲ್ಲವೆಂದು ಬೇಸರಪಟ್ಟವರು ಕಾರಣವನ್ನು ತಿಳಿಯಬೇಕು.

ಸಭೆಗೆ ಕರೆಯುವುದೇಕೆಂದು ಕೇಳಿದವರಿಗೆ ಉತ್ತರವು ಬಾಕಿಯಿದೆ. ಮಗಳು ಓದಿನಲ್ಲಿ ಹಿಂದೆ ಬಿದ್ದುದು, ಒಬ್ಬಳೇ ಕುಳಿತು ಅಳುವುದು, ಕಣ್ಣು ಕಾಣದೆ ಹಲಗೆಯ ಹತ್ತಿರಕ್ಕೆ ಹೋಗುವುದು ಇಂಥವುಗಳನ್ನು ನಾವು ಸಂದೇಶದಲ್ಲಿ ಬರೆಯುವುದಿಲ್ಲ. ಅವುಗಳಿಗೆ ಎದುರು ಕುಳಿತ ತಾಯಿಯ ಮುಖವೂ ಆಕೆಯ ಮರುಪ್ರಶ್ನೆಯೂ ಬೇಕು. ಕೂಲಿಯ ದಿನ ಹಾಳಾಗಬಾರದೆಂದು ಸಭೆಯನ್ನು ಈ ವರ್ಷದಿಂದ ತಿಂಗಳಿಗೊಂದು ಭಾನುವಾರ ಮಧ್ಯಾಹ್ನದ ಮೇಲೆ ಇಟ್ಟಿರುವೆವು.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಹರಿದುಕೊಡತಕ್ಕ ಒಂದು ಚೀಟಿಯಿದೆ. ತಾಯಿಗೆ ಮುಟ್ಟುವ ನಂಬರು, ಆಕೆಗೆ ತಿಳಿಯುವ ಭಾಷೆ, ಆಕೆಯೊಡನೆ ಮಾತನಾಡಲು ಅನುಕೂಲವಾದ ಹೊತ್ತು, ನಂಬರು ನೆರೆಯವಳದಾದರೆ ಆಕೆಯ ಹೆಸರು ಇವುಗಳನ್ನು ತುಂಬಿಸಿ ಕಚೇರಿಗೆ ತಲಪಿಸಬೇಕು. ಸಿಮ್ಮನ್ನು ಬದಲಿಸಿದವರು ಅದೇ ವಾರದಲ್ಲಿ ತಿಳಿಸಬೇಕು, ಏಕೆಂದರೆ ಬಿಟ್ಟ ನಂಬರನ್ನು ಕಂಪೆನಿಯು ಕೆಲವು ತಿಂಗಳ ಮೇಲೆ ಬೇರೊಬ್ಬರಿಗೆ ಕೊಡುವುದು. ಬರೆಯಲಾರದ ತಾಯಂದಿರು ಮಗಳ ಕೈಯಿಂದ ಬರೆಯಿಸದೆ ತಾವೇ ಬಂದು ಬಾಯಲ್ಲಿ ಹೇಳಿದರೆ, ಗುಮಾಸ್ತೆಯವರು ಬರೆದುಕೊಂಡು ಅಲ್ಲಿಯೇ ಒಮ್ಮೆ ಫೋನು ಮಾಡಿ ನೋಡುವರು.